ಸ್ಟಿಕ್ಕರ್ ಬೇಡ, ಹಸೆ ಚಿತ್ತಾರ ಬರೆಸಿ

ಮಾನ್ಯ ಸಂಪಾದಕರೇ,

ಮೊನ್ನೆ ನೆಂಟರಿಗೆ ಜೋಗ ತೋರಿಸಿಕೊಂಡು ಬರುವಾಗ ದಾರಿಯ ಹೋಟೆಲೊಂದರಲ್ಲಿ ಊಟಕ್ಕೆ ನಿಂತೆವು. ಗೋಡೆ ತುಂಬಾ ಹಸೆ ಚಿತ್ತಾರ. ಖುಷಿಯಿಂದ ಮುಟ್ಟಿ ನೋಡಿದರೆ ಪ್ಲಾಸ್ಟಿಕ್ ಸ್ಟಿಕ್ಕರ್! ತುಂಬಾ ಬೇಜಾರಾಯಿತು. ನಮ್ಮ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚ ಅದ್ದಿ, ಕೈ ನಡುಗದಂತೆ ಎಳೆ ಎಳೆಯುತ್ತಾರೆ. ಕೂಲಿ ಕೊಟ್ಟು ಅವರನ್ನೇ ಕರೆಸಬಹುದಿತ್ತು, ಅಲ್ವಾ?

ಊಟವೂ ಹಾಗೇ. ಗೋಬಿ ಮಂಚೂರಿ ಇತ್ತು. ಕಡುಬು, ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿ ಯಾವುದೂ ಇರಲಿಲ್ಲ. ಮಳೆಗಾಲದಲ್ಲಿ ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಹಿತ್ತಲಲ್ಲೇ ಸಿಗುತ್ತದೆ. ಅಕ್ಕಪಕ್ಕದ ಮನೆಯವರಿಂದ ಕೊಂಡರೆ ಅವರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತದೆ.

ಹೆಗ್ಗೋಡು ಜೋಗದ ದಾರಿಗೆ ದೂರವೇನಲ್ಲ. ಹೋಟೆಲಿನವರು ಕೋಣೆಗಳ ಪರದೆಗೆ, ಹಾಸಿಗೆಗೆ ಅಲ್ಲಿನ ಚರಕ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ತರಲಿ. ಅಲ್ಲೇ 1949ರಿಂದ ಇರುವ ನೀನಾಸಂ ರಂಗಸಂಸ್ಥೆಯಲ್ಲಿ ನಾಟಕ ಇದ್ದ ದಿನ ಕೌಂಟರಿನಲ್ಲಿ ಒಂದು ಬೋರ್ಡ್ ಹಾಕಲಿ. ಜಲಪಾತ ನೋಡಿ ಸಂಜೆಯೇ ಹೊರಡುವವರು ಸುಮ್ನೆ ಒಂದು ರಾತ್ರಿ ಜಾಸ್ತಿ ಉಳಿದಾರು.

ಒಬ್ಬ ಓದುಗ, ಸಾಗರ