ಪಕ್ಷಗಳಿಗೆ ಪಂಚಾಯಿತಿ ಚುನಾವಣೆ ಬೇಡವೇ?

ಮಾನ್ಯ ಸಂಪಾದಕರೇ,

ಹೊಸ ನಾಯಕರನ್ನು ಬೆಳೆಸುವುದು ರಾಜಕೀಯ ಪಕ್ಷಗಳ ಮೊದಲ ಹೊಣೆ; ಅವರು ಬೆಳೆಯುವ ಮೊದಲ ಮೆಟ್ಟಿಲೇ ಪಂಚಾಯಿತಿ ಚುನಾವಣೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳಿದ್ದರೂ, ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಪುನರ್‌ವಿಂಗಡಣೆ, ಮೀಸಲಾತಿ ಎನ್ನುತ್ತ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಲಾಯಿತು. 2023ರಲ್ಲಿ ಸರ್ಕಾರ ಬದಲಾದರೂ ಧೋರಣೆ ಬದಲಾಗಲಿಲ್ಲ. ಮತದಾರರ ಚೀಟಿ ಹಂಚಿ, ಊರಿನವರ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಾಡಕಚೇರಿಗೆ ಅಲೆಯುವ ಕಾರ್ಯಕರ್ತರಿಗೆ, ಅದರಲ್ಲೂ ಅರ್ಧದಷ್ಟು ಸ್ಥಾನಗಳ ಮೀಸಲಾತಿ ಇರುವ ಮಹಿಳೆಯರಿಗೆ, ಆಗಿರುವ ಅನ್ಯಾಯ ಸಣ್ಣದಲ್ಲ. ಪಂಚಾಯಿತಿಗಳಲ್ಲಿ ಆಡಳಿತಾಧಿಕಾರಿಗಳನ್ನು ಕೂರಿಸಿ, ವಿಧಾನಸಭೆ ಚುನಾವಣೆಗೆ ಪಕ್ಷದ ಟಿಕೆಟ್ ಆದ ಬಿ ಫಾರಂ ಅನ್ನು ನಾಯಕರ ಮಕ್ಕಳಿಗೇ ಕೊಡುತ್ತ ಹೋದರೆ (ಈ ರೂಢಿ ಎಲ್ಲ ಪಕ್ಷಗಳಲ್ಲೂ ಇದೆ) ಪಕ್ಷಕ್ಕಾಗಿ ದುಡಿದವರು ಎಲ್ಲಿಗೆ ಹೋಗಬೇಕು? ಈ ಚುನಾವಣೆಗಳನ್ನು ಸಕಾಲಕ್ಕೆ ನಡೆಸುವುದಾಗಿ ಆಡಳಿತ, ವಿರೋಧ ಪಕ್ಷಗಳೆರಡೂ ತಮ್ಮ ಪ್ರಣಾಳಿಕೆಯಲ್ಲಿ ಬರೆದುಕೊಡಲಿ.

–ಒಬ್ಬ ಮತದಾರ, ಹಾಸನ