ಕ್ರಾಬೆಟ್‌ನ ಕವಿ, ಅಂಕೋಲೆಯ ಉಪ್ಪು

ರಾತ್ರಿ ಹನ್ನೊಂದೂವರೆ. ಬೆಳಗ್ಗೆ ನಮ್ಮ ಕನ್ನಡ ಬಳಗದ ಸುದ್ದಿಪತ್ರ ಪ್ರಿಂಟಿಗೆ ಹೋಗಬೇಕು, ಈ ಪುಟ ಇನ್ನೂ ಖಾಲಿ. ಭಾನುವಾರ ಮಕ್ಕಳ ಉಪ್ಪಿನ ಸತ್ಯಾಗ್ರಹದ ನಾಟಕದ ತಾಲೀಮು ಮುಗಿಸಿ ಬರುವಾಗ ಮಗಳು ಕೇಳಿದಳು: "ಅಮ್ಮಾ, ನಮ್ಮ ಪರ ಮಾತಾಡಿದ ಇಂಗ್ಲಿಷರು ಒಬ್ಬರೂ ಇರಲಿಲ್ವಾ?"

ಕಾರು ಆಗ ಇಂಗ್ಲೆಂಡಿನ ಸಸೆಕ್ಸ್‌ನ ಕ್ರಾಲಿ ಪಟ್ಟಣದ ಅಂಚಿನ ಕ್ರಾಬೆಟ್ ಪಾರ್ಕ್ ದಾಟುತ್ತಿತ್ತು. ಇದ್ದರು ಪುಟ್ಟಿ, ಇಲ್ಲೇ ಇದ್ದರು ಅಂದೆ.

ವಿಲ್‌ಫ್ರಿಡ್ ಬ್ಲಂಟ್. 1840ರಲ್ಲಿ ಇದೇ ಸಸೆಕ್ಸ್‌ನಲ್ಲಿ ಹುಟ್ಟಿದ ಕವಿ. ಹೆಂಡತಿ ಆ್ಯನ್, ಬೈರನ್ ಕವಿಯ ಮೊಮ್ಮಗಳು. ಇಬ್ಬರೂ ಅರೇಬಿಯಾದ ಹಾಯಿಲ್ ತನಕ ಹೋಗಿಬಂದವರು, ಅರಬ್ಬೀ ಕುದುರೆ ತಂದು ಕ್ರಾಬೆಟ್‌ನಲ್ಲಿ ಸಾಕಿದವರು. 1882ರಲ್ಲಿ ಬ್ರಿಟನ್ ಈಜಿಪ್ಟನ್ನು ಹಿಡಿದಾಗ, ಸೆರೆಸಿಕ್ಕ ಅಲ್ಲಿನ ದಂಗೆಯ ನಾಯಕ ಅರಾಬಿ ಪಾಷಾಗೆ ಬ್ಲಂಟ್ ತಮ್ಮ ದುಡ್ಡಿನಲ್ಲೇ ವಕೀಲರನ್ನು ಇಟ್ಟರು. ಐರ್ಲೆಂಡಿನ ರೈತರ ಪರ ಸಭೆ ನಡೆಸಿ 1888ರಲ್ಲಿ ಎರಡು ತಿಂಗಳು ಜೈಲು. ಗಾಲ್ವೇ ಜೈಲಿನಲ್ಲಿ ಹಳೇ ಹಗ್ಗದ ನಾರು ಬಿಡಿಸುವ ಕೆಲಸ, ಅದರ ನಡುವೆಯೇ ಸಾನೆಟ್, ಅಂದರೆ ಹದಿನಾಲ್ಕು ಸಾಲಿನ ಕವಿತೆ, ಬರೆದರು. ಗಂಡನಾಗಿ ಒಳ್ಳೆಯವರಾಗಿರಲಿಲ್ಲ, 1906ರಲ್ಲಿ ಆ್ಯನ್ ಬೇರೆಯಾದರು. ಅದನ್ನೂ ಮಗಳಿಗೆ ಮುಂದೊಂದು ದಿನ ಹೇಳಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಉಪ್ಪು. 1883-84ರಲ್ಲಿ ಭಾರತ ಸುತ್ತಿದ ಬ್ಲಂಟ್, ಉಪ್ಪಿನ ತೆರಿಗೆ ದಖ್ಖನ್ನಿನ ಬಡವರನ್ನು ಹೇಗೆ ಹಿಂಡುತ್ತಿದೆ ಅಂತ 1885ರ ಪುಸ್ತಕದಲ್ಲಿ ಬರೆದರು. ದಂಡಿಗೆ 45 ವರ್ಷ ಮೊದಲು!

ನಮ್ಮಜ್ಜಿ ಅಂಕೋಲೆಯವರು. 1930ರಲ್ಲಿ ಎಂಟು ವರ್ಷದ ಹುಡುಗಿ. ಅವರಪ್ಪ ಕಡಲ ದಂಡೆಯಿಂದ ತಂದ ಚಿಟಿಕೆ ಉಪ್ಪನ್ನು ಬಾಳೆಲೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟಿದ್ದರಂತೆ, ಮಳೆಗಾಲ ಬಂದು ಅದು ನೀರಾಗಿ ಹರಿದಾಗ ಮನೆಯವರೆಲ್ಲ ಆ ನೀರನ್ನೇ ಬೆರಳಲ್ಲಿ ಅದ್ದಿ ನೆಕ್ಕಿದರಂತೆ. ಕಥೆ ಹೇಳುವಾಗ ಅಜ್ಜಿ ಇವತ್ತೇ ನೆಕ್ಕಿದ ಹಾಗೆ ತುಟಿ ಸವರಿಕೊಳ್ಳುತ್ತಿದ್ದರು. ಬಡಿಸುವಾಗ ಎಲೆಯ ತುದಿಗೆ ಮೊದಲು ಉಪ್ಪು, ಅದನ್ನು ಯಾರಾದರೂ ಚೆಲ್ಲಿದರೆ ಸುಮ್ನೆ ಬಿಡುತ್ತಿರಲಿಲ್ಲ. ಮಗಳಿಗೆ ಇದನ್ನೆಲ್ಲ ಹೇಳುತ್ತಾ ಮನೆ ಮುಂದೆ ಕಾರಲ್ಲೇ ಅರ್ಧ ಗಂಟೆ ಕೂತಿದ್ದೆ. ಅಜ್ಜಿ ಹೋಗಿ ಆರು ವರ್ಷ ಆಯ್ತು.

ಸರಿ, ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ. ನಾಟಕದ ಮಕ್ಕಳು ಒಂದಕ್ಕೇ ಬರಬೇಕು, ಬಿಳಿ ಜುಬ್ಬಾ ಇಲ್ಲದವರು ತಿಳಿಸಿ. ಕೋಸಂಬರಿಗೆ ಇಬ್ಬರು ಸಿಕ್ಕಿದ್ದಾರೆ, ಬಿಸಿಬೇಳೆ ಬಾತ್‌ಗೆ ಯಾರೂ ಇಲ್ಲ. ಸದಸ್ಯತ್ವದ ಹಣ ಅಂದೇ ಕಟ್ಟಬಹುದು.

ಇನ್ನೊಂದು ಮಾತು. ಭಾನುವಾರದ ಕನ್ನಡ ತರಗತಿಗೆ ಹದಿನಾಲ್ಕು ಮಕ್ಕಳು, ಕಲಿಸುವವಳು ನಾನೊಬ್ಬಳೇ. ಪತ್ರಿಕೆಯೂ ನನ್ನದೇ. ನಿಜವಾಗಿ ಸುಸ್ತಾಗಿದೆ. ತಿಂಗಳಿಗೆ ಒಂದು ಭಾನುವಾರ ಯಾರಾದರೂ ಬರ್ತೀರಾ?