ಬೇಡ ಅಂದವರಿಗೆ ಧನ್ಯವಾದ

ನಿನ್ನೆ ರಾತ್ರಿ ಹೊಸ ಅಡುಗೆಮನೆಯಲ್ಲಿ ಮೊದಲ ಅಡುಗೆ ಆಯಿತು. ಊಟ ಮುಗಿದ ಮೇಲೂ ಯಾರೂ ಒಳಗೆ ಹೋಗಲಿಲ್ಲ. ಎಲ್ಲರೂ ಅಲ್ಲೇ ಕಟ್ಟೆಗೆ ಒರಗಿಕೊಂಡು ಮಾತಾಡುತ್ತಾ ನಿಂತೆವು. ಆಗಲೇ ಅಂದುಕೊಂಡೆ, ಇದನ್ನು ಬರೆಯಲೇಬೇಕು ಅಂತ.

ಕೆಲಸ ಏಳು ವಾರ ಹಿಡಿಯಿತು. ಕೈಯಲ್ಲಿದ್ದ ಹಣ ಕಡಿಮೆ. ಸಾಲ ಮಾಡಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು, ಮಾಡಲಿಲ್ಲ. ಕೆಲವರು ಸರಿಯಾದ ಹೊತ್ತಿಗೆ ನನಗೆ ‘ಬೇಡ’ ಅಂದರು, ಅದಕ್ಕೇ ಇದು ಸಾಧ್ಯವಾಯಿತು. ಹಾಗೆ ಅಂದದ್ದರಿಂದ ಅವರಲ್ಲಿ ಇಬ್ಬರಿಗೆ ಬರಬೇಕಾದ ಕೂಲಿಯೇ ಕಡಿಮೆಯಾಯಿತು. ಅದು ಗೊತ್ತಿದ್ದೂ ಅಂದರು.

ಮೊದಲ ಧನ್ಯವಾದ ನನ್ನ ಗೆಳತಿಗೆ. ಕೋಣೆಯ ನಡುವೆ ಒಂದು ಕಟ್ಟೆ ಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಕಾಗದದ ಮೇಲೆ ಬರೆದಾಗ ಚೆನ್ನಾಗಿಯೇ ಕಂಡಿತು. ಅವಳು ಬಂದು ನೋಡಿದಳು, ಏನೂ ಹೇಳಲಿಲ್ಲ. ಮರುದಿನ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ತಂದು ಅದೇ ಅಳತೆಗೆ ನಡುವೆ ಜೋಡಿಸಿಟ್ಟಳು. ‘ಮೂರು ದಿನ ಹೀಗೇ ಅಡುಗೆ ಮಾಡು’ ಅಂದಳು. ಎರಡನೇ ದಿನಕ್ಕೇ ಉತ್ತರ ಸಿಕ್ಕಿತು. ಓಡಾಡಲು ಉಳಿದದ್ದು 70 ಸೆಂಟಿಮೀಟರ್. ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದು ತಿರುಗಿದರೆ ಇನ್ನೊಬ್ಬರಿಗೆ ತಾಗುವಂತಿತ್ತು. ಇಬ್ಬರು ಓಡಾಡುವ ಅಡುಗೆಮನೆಗೆ ಒಂದು ಮೀಟರಿಗಿಂತ ಜಾಸ್ತಿ ದಾರಿ ಬೇಕು ಅಂತ ಓದಿದ್ದೆ. ಪೆಟ್ಟಿಗೆಗೆ ಮಂಡಿ ತಾಗಿದಾಗಲೇ ಅದು ಅರ್ಥವಾಗಿದ್ದು. ಖಾಲಿ ಪೆಟ್ಟಿಗೆಗಳಿಂದ ನಮ್ಮ ದೊಡ್ಡ ಖರ್ಚೊಂದು ಉಳಿಯಿತು ಕಣೇ. ನಿನಗೆ ಎಷ್ಟು ಹೇಳಿದರೂ ಕಡಿಮೆ.

ಪ್ಲಂಬರ್ ಅಣ್ಣನಿಗೆ ಎರಡು ಸಲ ಧನ್ಯವಾದ ಹೇಳಬೇಕು. ಸಿಂಕನ್ನು ಕಿಟಕಿಯ ಕೆಳಗೆ ತರಬೇಕು ಅಂತ ನಾನು ಹಟ ಹಿಡಿದಿದ್ದೆ. ಅವರು ಟೇಪು ಹಿಡಿದು ಅಳೆದರು. ಕಿಟಕಿಯಿಂದ ಹಳೆಯ ಪೈಪಿನವರೆಗೆ ಮೂರೂವರೆ ಮೀಟರ್. ಹೊಲಸು ನೀರು ತಾನಾಗಿ ಹರಿಯಬೇಕಾದರೆ ಮೀಟರಿಗೆ ಸುಮಾರು 2 ಸೆಂಟಿಮೀಟರ್ ಇಳಿಜಾರು ಬೇಕು. ಅಂದರೆ 7 ಸೆಂಟಿಮೀಟರ್ ಇಳಿಸಬೇಕು, ಅದಕ್ಕೆ ನೆಲ ಒಡೆಯಬೇಕು. ‘ಸಿಂಕ್ ಇದ್ದಲ್ಲೇ ಇರಲಿ. ಕಿಟಕಿ ಹತ್ತಿರ ತರಕಾರಿ ಹೆಚ್ಚುವ ಜಾಗ ಮಾಡಿಕೊಳ್ಳಿ. ಚಾಕು ಹಿಡಿಯುವ ಕಡೆ ಬೆಳಕು ಜಾಸ್ತಿ ಬೇಕು, ಅಲ್ವಾ?’ ಅಂದರು. ನೆಲ ಒಡೆದಿದ್ದರೆ ಅವರಿಗೆ ಒಂದು ವಾರದ ಕೆಲಸ ಸಿಗುತ್ತಿತ್ತು.

ಎರಡನೆಯದು ಗೋಡೆಯ ವಿಷಯ. ಹಳೆಯ ಟೈಲ್ಸ್ ತೆಗೆದಾಗ ಸಿಂಕಿನ ಹಿಂದೆ ಗೋಡೆ ಕೈಗೆ ಅಂಟುವಷ್ಟು ಒದ್ದೆಯಾಗಿತ್ತು. ಒಳಗಿನ ಪೈಪಿನ ಜಾಯಿಂಟು ಎಷ್ಟೋ ಕಾಲದಿಂದ ಹನಿಹನಿಯಾಗಿ ಸೋರುತ್ತಿತ್ತು. ಅವತ್ತು ನಾನು ನೆಲದ ಮೇಲೆ ಕೂತುಬಿಟ್ಟೆ. ನೂರಕ್ಕೆ 15ರಷ್ಟು ಹಣವನ್ನು ಮುಟ್ಟದೆ ತೆಗೆದಿಡು ಅಂತ ಅಪ್ಪ ಹೇಳಿದ್ದರಿಂದ ಬಚಾವಾದೆವು. ಅದು ಬಹುಪಾಲು ಆ ಗೋಡೆಗೇ ಹೋಯಿತು. ಹೊಸ ಪೈಪು ಹಾಕಿದ ಮೇಲೆ ಪ್ಲಂಬರ್ ಅಣ್ಣ, ‘ಗೋಡೆ ಮುಚ್ಚುವ ಮೊದಲು ಅಳತೆಪಟ್ಟಿ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ’ ಅಂದರು. ಪೈಪು, ವೈರು ಎಲ್ಲೆಲ್ಲಿ ಹೋಗಿವೆ ಅಂತ ಈಗ ನಮ್ಮ ಬಳಿ ಹನ್ನೊಂದು ಫೋಟೋ ಇವೆ. ಶೆಲ್ಫಿಗೆ ಡ್ರಿಲ್ ಮಾಡುವಾಗ ಒಂದು ಸಲ ಆಗಲೇ ಕೆಲಸಕ್ಕೆ ಬಂದವು.

ಇನ್ನು ಬಡಗಿ ಅಣ್ಣ. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಎಲ್ಲ ಕಬೋರ್ಡೂ ಕಿತ್ತು ಹೊಸದು ಮಾಡಿಸೋಣ ಅಂತ ಅವರನ್ನು ಕರೆಸಿದ್ದೆವು. ಅವರು ಒಂದೊಂದೇ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, ಮೂಲೆಗಳನ್ನು ತಟ್ಟಿ ನೋಡಿದರು. ಸಿಂಕಿನ ಕೆಳಗಿನದು ಮಾತ್ರ ನೀರು ಕುಡಿದು ಉಬ್ಬಿತ್ತು. ಉಳಿದವು ಗಟ್ಟಿಯಾಗಿದ್ದವು. ‘ಇವನ್ನು ಎಸೆಯಬೇಡಿ’ ಅಂದರು. ಸಿಂಕಿನ ಕೆಳಗೆ ವಾಟರ್‌ಪ್ರೂಫ್ ಪ್ಲೈವುಡ್ಡಿನದು ಹೊಸದಾಗಿ ಮಾಡಿದರು. ಉಳಿದ ಬಾಗಿಲುಗಳಿಗೆ ಬಣ್ಣ ಸಾಕು ಅಂದರು, ಆ ಕೆಲಸವನ್ನು ನಮ್ಮಿಂದಲೇ ಮಾಡಿಸಿದರು. ಮೊದಲು ಜಿಡ್ಡು ಪೂರ್ತಿ ತೊಳೆಯಬೇಕು, ಆಮೇಲೆ ಮರಳು ಕಾಗದದಲ್ಲಿ ಉಜ್ಜಬೇಕು, ಆಮೇಲೆ ಪ್ರೈಮರ್, ಅದಾದ ಮೇಲೆ ತೆಳ್ಳಗೆ ಎರಡು ಕೋಟು. ಜಿಡ್ಡು ಉಳಿದರೆ ಎಷ್ಟು ಒಳ್ಳೆಯ ಬಣ್ಣವೂ ಸಿಪ್ಪೆಯಂತೆ ಏಳುತ್ತದೆ. ಹಿಡಿಗಳನ್ನು ಬದಲಾಯಿಸುವಾಗಲೂ ಹಳೆಯ ತೂತುಗಳ ನಡುವಿನ ದೂರ ಅಳೆದು, 96 ಮಿಲಿಮೀಟರಿನದೇ ತರಲು ಹೇಳಿದರು. ಹೊಸ ತೂತು ಕೊರೆಯುವ ಕೆಲಸವೇ ಬೀಳಲಿಲ್ಲ.

ಅವರು ಮಾಡಿದ ದೊಡ್ಡ ಉಪಕಾರ ಬೇರೆಯೇ ಇದೆ. ಹಳೆಯ ಕಟ್ಟೆ 31 ಇಂಚು ಎತ್ತರ ಇತ್ತು. ವರ್ಷಗಳಿಂದ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದು ನನ್ನ ವಯಸ್ಸಿನದು ಅಂದುಕೊಂಡಿದ್ದೆ. ಅವರು ನನ್ನನ್ನು ನಿಲ್ಲಿಸಿ, ಕೈ ಮಡಚಲು ಹೇಳಿ, ನೆಲದಿಂದ ಮೊಣಕೈವರೆಗೆ ಅಳೆದರು. ಅದರಿಂದ ಐದು ಇಂಚು ಕಳೆದರು. 34 ಬಂತು. ಕಟ್ಟೆ ಅಷ್ಟೇ ಎತ್ತರಕ್ಕೆ ಏರಿತು. ಇಷ್ಟು ವರ್ಷ ನನ್ನ ಮೊಣಕೈಯನ್ನು ಯಾರೂ ಕೇಳಿರಲಿಲ್ಲ.

ಆದರೆ ಅತ್ತೆ ನನಗಿಂತ ಗಿಡ್ಡ, ಮಂಡಿನೋವು ಬೇರೆ. ಅವರು ಬಾಗಿಲ ಬಳಿ ಸುಮ್ನೆ ನಿಂತು ನೋಡುತ್ತಿದ್ದರು, ಏನೂ ಕೇಳಲಿಲ್ಲ. ಬಡಗಿ ಅಣ್ಣನೇ ಅವರ ಕಡೆ ತಿರುಗಿ, ‘ಅಮ್ಮಾ, ನೀವು ಕೂತು ಹೆಚ್ಚುತ್ತೀರಾ?’ ಅಂತ ಕೇಳಿದರು. ಉಳಿದ ಪ್ಲೈವುಡ್ ತುಂಡಿನಲ್ಲಿ ಎಳೆದರೆ ಹೊರಬರುವ ಹಲಗೆ ಮಾಡಿಕೊಟ್ಟರು. ಅದು 27 ಇಂಚು ಎತ್ತರದಲ್ಲಿದೆ, ಕುರ್ಚಿ ಹಾಕಿಕೊಂಡರೆ ಸರಿಯಾಗುತ್ತದೆ. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ನಿನ್ನೆ ಅತ್ತೆ ಅಲ್ಲಿ ಕೂತು ತರಕಾರಿ ಹೆಚ್ಚಿದರು. ಎರಡು ವರ್ಷದಿಂದ ಅವರು ಅಡುಗೆಮನೆಗೆ ಬರುವುದನ್ನೇ ಬಿಟ್ಟಿದ್ದರು. ಅಣ್ಣಾ, ಅದನ್ನು ನೀವು ನೋಡಬೇಕಿತ್ತು.

ಬೇಡ ಅನ್ನದೆ ‘ಬೇಕೇ ಬೇಕು’ ಅಂದವರು ಎಲೆಕ್ಟ್ರಿಷಿಯನ್ ಒಬ್ಬರೇ. 2000 ವ್ಯಾಟಿನ ಕೆಟಲ್, 1500 ವ್ಯಾಟಿನ ಓವನ್ ಎರಡನ್ನೂ ನಾವು ಒಂದೇ ಎಕ್ಸ್‌ಟೆನ್ಷನ್‌ಗೆ ಚುಚ್ಚಿದ್ದೆವು. ಅದರ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿದರು. ದೊಡ್ಡ ಉಪಕರಣಗಳಿಗೆ ಮೇನ್ ಬೋರ್ಡಿನಿಂದಲೇ ಬೇರೆ ವೈರು ಎಳೆದರು. ಕರೆಂಟ್ ಸೋರಿದರೆ ತಕ್ಷಣ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಅಂದರೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸದೆ ಬಿಡಲಿಲ್ಲ. ದುಡ್ಡು ಉಳಿಸಬಾರದ ಜಾಗ ಇದೊಂದೇ ಅಂತ ಬೈದೇ ಹೇಳಿದರು. ಆ ಬೈಗುಳಕ್ಕೂ ಧನ್ಯವಾದ.

ಗಾರೆ ಮೇಸ್ತ್ರಿಯವರೇ, ಗೋಡೆ ಒಣಗುವವರೆಗೆ ಟೈಲ್ಸ್ ಅಂಟಿಸುವುದಿಲ್ಲ ಅಂತ ನೀವು ಹೇಳಿದಾಗ ನಾನು ಸಿಟ್ಟಾಗಿದ್ದೆ. ಕ್ಷಮಿಸಿ. ಕಬೋರ್ಡಿನ ಹಿಂದೆ ಟೈಲ್ಸ್ ಬೇಡ ಅಂತ ತಡೆದದ್ದೂ ನೀವೇ.

ಕೊನೆಗೆ ಪಕ್ಕದ ಮನೆ ಅಕ್ಕ. ಏಳು ವಾರ ದಿನಾ ಸಂಜೆ ನಿಮ್ಮ ಒಲೆಯ ಒಂದು ಉರಿ ನಮಗೆ ಬಿಟ್ಟುಕೊಟ್ಟಿರಿ. ಒಂದು ದಿನವೂ ‘ಇನ್ನೂ ಎಷ್ಟು ದಿನ’ ಅಂತ ಕೇಳಲಿಲ್ಲ. ನಿಮ್ಮ ಎರಡು ಪಾತ್ರೆ, ಒಂದು ಸೌಟು ಇನ್ನೂ ನಮ್ಮಲ್ಲೇ ಇವೆ. ನಾಳೆ ಸಂಜೆ ತಂದುಕೊಡುತ್ತೇನೆ. ನೀವು ಅಡುಗೆ ಮಾಡಬೇಡಿ, ಎರಡೂ ಪಾತ್ರೆ ತುಂಬಿಸಿಯೇ ತರುತ್ತೇನೆ.